ಹುಲಿಯ ಒಕ್ಕ

(ಕೊಡಗಿನ ಗೋಣಿಕೊಪ್ಪಲಿನಲ್ಲಿ ಬೆಳೆಗಾರರು, ಶಿಕ್ಷಕರು ಮತ್ತು ಕಾಲೇಜು ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರ ಪ್ರಶ್ನೆಗಳಲ್ಲಿ ಮುಖ್ಯವಾದವನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ತಿತಿಮತಿ, ಬಾಳೆಲೆ, ಶ್ರೀಮಂಗಲ, ಕುಟ್ಟ ಕಡೆಯವರೇ ಇಲ್ಲಿ ಹೆಚ್ಚು ಇದ್ದೀರಿ. ಮೇಯಲು ಹೋದ ಹಸು ಸಂಜೆ ಮರಳದೆ, ಮಾರನೆಯ ದಿನ ತೋಟದ ನಡುವೆ ಅದರ ಅರ್ಧ ದೇಹ ಸಿಕ್ಕಿದ ಅನುಭವ ನಿಮ್ಮಲ್ಲಿ ಹಲವರಿಗಿದೆ. ಅಂಥವರ ಮುಂದೆ ನಿಂತು 'ಹುಲಿ ಕಾಡಿನ ಕಾವಲುಗಾರ' ಎಂದು ಭಾಷಣ ಬಿಗಿಯುವ ಧೈರ್ಯ ನನಗಿಲ್ಲ, ಆಸೆಯೂ ಇಲ್ಲ. ಪರಿಹಾರದ ಹಣ ಯಾವಾಗ ಬರುತ್ತದೆ ಎಂಬ ಪ್ರಶ್ನೆಗೂ ನನ್ನಲ್ಲಿ ಉತ್ತರವಿಲ್ಲ. ನಾನು ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದ ಮೇಷ್ಟ್ರು. ನನ್ನಿಂದ ಆಗುವುದು ಇಷ್ಟು: ಈ ಪ್ರಾಣಿ ಯಾವ ಮನೆತನದ್ದು, ಅದರ ನೆಂಟರಿಷ್ಟರು ಯಾರು, ಮನೆತನದ ಗುಣ ಅದರಲ್ಲಿ ಎಷ್ಟು ಇಳಿದಿದೆ ಎಂದು ಬಿಡಿಸಿ ಹೇಳುವುದು. ಹುಲಿಯನ್ನು ರಾಜನೆಂದೋ ರಾಕ್ಷಸನೆಂದೋ ನೋಡುವುದನ್ನು ಬಿಟ್ಟು ಬೆಕ್ಕು ಎಂದು ನೋಡಿದರೆ ಅದರ ಅರ್ಧಕ್ಕರ್ಧ ನಡವಳಿಕೆ ಅರ್ಥವಾಗುತ್ತದೆ ಎಂಬುದು ನನ್ನ ವಾದ. ಉಳಿದರ್ಧ ಅದರ ಗಾತ್ರದಿಂದ ಬಂದದ್ದು.

ಮೊದಲಿಗೆ ಒಂದು ಪ್ರಶ್ನೆ. ಇಂದು ಬದುಕಿರುವ ಪ್ರಾಣಿಗಳಲ್ಲಿ ಹುಲಿಗೆ ಎಲ್ಲಕ್ಕಿಂತ ಹತ್ತಿರದ ನೆಂಟ ಯಾರು? (ಸಭೆಯಿಂದ 'ಸಿಂಹ', 'ಚಿರತೆ' ಎಂಬ ಉತ್ತರಗಳು ಬಂದವು. ಹಿಂದಿನ ಸಾಲಿನ ಹುಡುಗನೊಬ್ಬ 'ಬೆಕ್ಕು' ಎಂದ.) ಸಿಂಹವಲ್ಲ, ನಮ್ಮ ಚಿರತೆಯೂ ಅಲ್ಲ. ಲಡಾಖ್ ಮತ್ತು ಸ್ಪಿತಿಯ ಬಂಡೆಗಳ ಮೇಲೆ ಓಡಾಡುವ ಹಿಮಚಿರತೆ. ಬೂದು ಬಣ್ಣದ ಮೈ, ಮಾರುದ್ದದ ದಪ್ಪ ಬಾಲ, ಮೈತುಂಬ ಚುಕ್ಕೆ. ಕಣ್ಣಿಗೆ ಎಲ್ಲಿಯ ಹುಲಿ, ಎಲ್ಲಿಯ ಅದು ಎನಿಸುತ್ತದೆ. ಆದರೆ ವಂಶವಾಹಿಗಳನ್ನು ಪಕ್ಕಪಕ್ಕ ಇಟ್ಟು ಓದಿದವರು ಹೇಳುವುದು ಬೇರೆ. ಸಿಂಹ ಮತ್ತು ಚಿರತೆ ಒಂದು ಜೋಡಿ, ಜಾಗ್ವಾರ್ ಅವುಗಳ ಮಗ್ಗುಲಿಗೆ. ಹುಲಿ ಮತ್ತು ಹಿಮಚಿರತೆ ಇನ್ನೊಂದು ಜೋಡಿ, ಅವೆರಡೂ ಬೇರೆಯಾಗಿ ಸುಮಾರು ಇಪ್ಪತ್ತು-ಮೂವತ್ತು ಲಕ್ಷ ವರ್ಷ ಆಗಿರಬಹುದು. ನೋಟವನ್ನು ನಂಬಿ ನೆಂಟಸ್ತನ ಹೇಳಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇದನ್ನು ಕೊಡಗಿನಲ್ಲಿ ವಿವರಿಸುವುದು ಬೇರೆಡೆಗಿಂತ ಸುಲಭ, ಏಕೆಂದರೆ ಒಂದೇ ಮನೆಹೆಸರಿನ ಮನೆತನವಾದ ಒಕ್ಕ ಎಂದರೆ ಏನೆಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕೊಡವರು ಮನೆಹೆಸರನ್ನು ಮೊದಲು ಹೇಳಿ ಆಮೇಲೆ ಸ್ವಂತ ಹೆಸರು ಹೇಳುತ್ತಾರೆ. ಕೊಡಂದೇರ ಕಾರ್ಯಪ್ಪ, ಕೊಡಂದೇರ ತಿಮ್ಮಯ್ಯ ಎಂದೊಡನೆ ಆ ಫೀಲ್ಡ್ ಮಾರ್ಷಲ್ಲೂ ಈ ಜನರಲ್ಲೂ ಒಂದೇ ಒಕ್ಕದವರು ಎಂದು ತಿಳಿದುಹೋಗುತ್ತದೆ. ಜೀವಿಗಳ ವೈಜ್ಞಾನಿಕ ಹೆಸರಿನ ಪದ್ಧತಿಯೂ ಇದೇ. ಹುಲಿ ಪ್ಯಾಂಥೆರಾ ಟೈಗ್ರಿಸ್, ಸಿಂಹ ಪ್ಯಾಂಥೆರಾ ಲಿಯೋ, ಚಿರತೆ ಪ್ಯಾಂಥೆರಾ ಪಾರ್ಡಸ್, ಜಾಗ್ವಾರ್ ಪ್ಯಾಂಥೆರಾ ಓಂಕಾ, ಹಿಮಚಿರತೆ ಪ್ಯಾಂಥೆರಾ ಅನ್ಸಿಯಾ. ಐದಕ್ಕೂ ಒಂದೇ ಮನೆಹೆಸರು. ಮೊದಲು ಹಾಗಿರಲಿಲ್ಲ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಹುಲಿಗೆ ಫೆಲಿಸ್ ಟೈಗ್ರಿಸ್ ಎಂದು ಹೆಸರಿಟ್ಟಾಗ ಮನೆಯ ಬೆಕ್ಕಿಗೂ ಅದಕ್ಕೂ ಮನೆಹೆಸರು ಒಂದೇ ಆಗಿತ್ತು. 1929ರಲ್ಲಿ ಪೊಕಾಕ್ ಎಂಬ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಹುಲಿಯ ಬಗ್ಗೆ ದೀರ್ಘ ಲೇಖನ ಬರೆದ. ಆತ ತಲೆಬುರುಡೆಗಳನ್ನು ಪರಿಶೀಲಿಸಿ ಹುಲಿಯನ್ನು ಪ್ಯಾಂಥೆರಾ ಮನೆಗೆ ಸೇರಿಸಿದ. ಹಿಮಚಿರತೆಯನ್ನಂತೂ ಬಹಳ ಕಾಲ ಅನ್ಸಿಯಾ ಎಂಬ ಪ್ರತ್ಯೇಕ ಮನೆಯಲ್ಲಿ ಒಂಟಿಯಾಗಿ ಇಟ್ಟಿದ್ದರು. ವಂಶವಾಹಿಗಳ ಸಾಕ್ಷ್ಯ ಬಂದ ಮೇಲೆ ಅದನ್ನು ಹುಲಿಯ ಪಕ್ಕ ಕೂರಿಸಬೇಕಾಯಿತು.

ಹುಲಿಯನ್ನು ಸಂಬಂಧದ ಲೆಕ್ಕದಲ್ಲಿ ನೋಡುವುದು ಈ ನೆಲಕ್ಕೆ ಹೊಸದೂ ಅಲ್ಲ. ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಹುಲಿಗೆ ನರಿ ಎನ್ನುತ್ತಾರೆ, ಹುಲಿಯನ್ನು ಕೊಂದವನಿಗೆ ಹಿಂದೆ ನಡೆಸುತ್ತಿದ್ದ ಸಮಾರಂಭವೇ ನರಿ ಮಂಗಲ. ಕೊಂದವನನ್ನು ಮದುಮಗನಂತೆ ಸಿಂಗರಿಸಿ ಕೂರಿಸಿ, ಸತ್ತ ಹುಲಿಯನ್ನು ಪಕ್ಕದಲ್ಲಿ ಇರಿಸಿ, ಊರವರು ಅಕ್ಕಿ ಹಾಕಿ ಹರಸುತ್ತಿದ್ದರು. ಹೊರಗಿನವರು ಇದನ್ನು ಬೇಟೆಯ ಬಡಾಯಿ ಎಂದು ಬರೆದದ್ದುಂಟು. ನನಗೆ ಹಾಗೆ ಕಾಣುವುದಿಲ್ಲ. ಕೊಂದ ಪ್ರಾಣಿಯ ಜೊತೆ ಮದುವೆಯ ಶಾಸ್ತ್ರ ಮಾಡಿಕೊಳ್ಳುವವರು ಅದನ್ನು ಬರಿಯ ಹಗೆಯೆಂದು ಎಣಿಸಿರಲಾರರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ಮಾತು ಹಿರಿಯರ ನೆನಪಿಗೆ ಸೇರಿತು.

ಇನ್ನು ದೊಡ್ಡ ಕುಟುಂಬದ ವಿಷಯ. ಬೆಕ್ಕಿನ ಕುಟುಂಬಕ್ಕೆ ಫೆಲಿಡೇ ಎಂದು ಹೆಸರು, ಇಂದು ಅದರಲ್ಲಿ ಸುಮಾರು 40 ಪ್ರಭೇದಗಳಿವೆ. 2006ರಲ್ಲಿ ಪ್ರಕಟವಾದ ಒಂದು ಪ್ರಮುಖ ವಂಶವಾಹಿ ಅಧ್ಯಯನ ಇವನ್ನೆಲ್ಲ ಎಂಟು ಕವಲುಗಳಾಗಿ ಬಿಡಿಸಿತು. ಆ ಎಂಟರಲ್ಲಿ ಎಲ್ಲಕ್ಕಿಂತ ಮೊದಲು ಬೇರೆಯಾಗಿ ಹೋದದ್ದು ಹುಲಿಯ ಕವಲು, ಸುಮಾರು 1 ಕೋಟಿ 8 ಲಕ್ಷ ವರ್ಷಗಳ ಹಿಂದೆ. ಈಶಾನ್ಯ ಭಾರತದ ಮೋಡಚಿರತೆ ಅದೇ ಕವಲಿನ ಹಳೆಯ ಕೊಂಬೆ. ಮನೆಯ ಬೆಕ್ಕು ಇರುವುದು ಇನ್ನೊಂದು ತುದಿಯಲ್ಲಿ, ತೀರಾ ಈಚೆಗೆ ಒಡೆದ ಕವಲಿನಲ್ಲಿ. ಹಾಗಾಗಿ ನಿಮ್ಮ ಒಲೆಯ ಪಕ್ಕ ಮಲಗುವ ಬೆಕ್ಕು ಹುಲಿಗಿಂತ ಚೀತಾಗೆ ಹತ್ತಿರ, ಲಿಂಕ್ಸ್‌ಗೆ ಹತ್ತಿರ, ಅಮೆರಿಕದ ಪೂಮಾಕ್ಕೂ ಹತ್ತಿರ. ರಾತ್ರಿ ತೋಟದ ರಸ್ತೆಯಲ್ಲಿ ಜೀಪಿನ ಬೆಳಕಿಗೆ ಸಿಕ್ಕಿ ಪೊದೆಗೆ ಹಾರುವ ಚಿರತೆ ಬೆಕ್ಕು ಇದೆಯಲ್ಲ, ಮರಿಚಿರತೆಯೆಂದು ಹಲವರು ಗಾಬರಿಪಡುವ ಆ ಪುಟ್ಟ ಚುಕ್ಕೆಯ ಪ್ರಾಣಿ, ಅದಕ್ಕೂ ಚಿರತೆಗೂ ಇರುವುದು ದೂರದ ಸಂಬಂಧ. ಅದು ನಿಮ್ಮ ಮನೆಬೆಕ್ಕಿನ ಪಕ್ಕದ ಕವಲು.

ಗಾತ್ರ ನೋಡಿ ಕವಲು ನಿರ್ಧರಿಸಲಾಗದು ಎಂಬುದಕ್ಕೆ ಪೂಮಾ ಸಾಕ್ಷಿ. ತೂಕದಲ್ಲಿ ಅದು ಚಿರತೆಗೆ ಸರಿಸಮ, ಸ್ವರ ಮಾತ್ರ ಮನೆಬೆಕ್ಕಿನದು, ಗುರ್‌ಗುರ್ ಎನ್ನುತ್ತದೆ. ಚೀತಾ ಕೂಡ ಹಾಗೆಯೇ. ಭಾರತದಲ್ಲಿ ಅಳಿದುಹೋಗಿದ್ದ ಚೀತಾವನ್ನು 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕುನೋಗೆ ತಂದಾಗ ವಾಹಿನಿಗಳು ಅದನ್ನು ಹುಲಿ-ಸಿಂಹಗಳ ಸಾಲಿನಲ್ಲಿ ನಿಲ್ಲಿಸಿ ಅಬ್ಬರಿಸಿದವು. ವಂಶದಲ್ಲಿ ಅದು ಪೂಮಾದ ಮನೆಯದು.

ಹಾಗೆಯೇ ಬೆಕ್ಕೆಂದು ಕರೆಸಿಕೊಂಡರೂ ಬೆಕ್ಕಲ್ಲದವೂ ಇವೆ. ಕಾಫಿ ಹಣ್ಣು ತಿಂದು ಬೀಜವನ್ನು ಹಾಗೆಯೇ ಹೊರಹಾಕುವ ಪುನುಗು ಬೆಕ್ಕು ಬೇರೆಯೇ ಕುಟುಂಬದ್ದು. ಅದರ ಹಿಕ್ಕೆಯಿಂದ ಆಯ್ದ ಕಾಫಿಗೆ ಪೇಟೆಯಲ್ಲಿ ಎಂಥ ಬೆಲೆಯೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನಾಯಿಯಂತೆ ಕಾಣುವ ಕತ್ತೆಕಿರುಬ ನಾಯಿಗಿಂತ ಬೆಕ್ಕಿನ ಕಡೆಗೇ ಹತ್ತಿರ. ಸಸ್ಯಾಹಾರದತ್ತ ವಾಲಿದ ಪುನುಗಿಗೂ ಅಪ್ಪಟ ಬೆಕ್ಕಿಗೂ ಇರುವ ವ್ಯತ್ಯಾಸ ನಾಲಿಗೆಯಲ್ಲೂ ಇದೆ. ಸಿಹಿಯನ್ನು ಗುರುತಿಸುವ ವಂಶವಾಹಿಗಳಲ್ಲಿ ಒಂದು ಬೆಕ್ಕಿನಲ್ಲಿ ಕೆಟ್ಟು ಕೂತಿದೆ ಎಂದು 2005ರಲ್ಲಿ ಗೊತ್ತಾಯಿತು. ಹುಲಿ ಮತ್ತು ಚೀತಾಗಳಲ್ಲೂ ಅದೇ ದೋಷ. ಕರಡಿ ಪ್ರಾಣ ಬಿಡುವ ಕೊಡಗಿನ ಜೇನನ್ನು ಹುಲಿಯ ಮುಂದಿಟ್ಟರೆ ಅದಕ್ಕೆ ಅದರ ಸಿಹಿಯೇ ತಿಳಿಯದು. ಮಾಂಸವನ್ನಷ್ಟೇ ನಂಬಿದ ಕುಟುಂಬ ಇದು, ಮಾಂಸ ಸಿಗದಿದ್ದರೆ ಬೇರೆ ದಾರಿಯಿಲ್ಲ. ನರಿ ಹಣ್ಣು ತಿಂದು ದಿನ ದೂಡಬಲ್ಲದು, ಹುಲಿಗೆ ಆಗದು.

ಘರ್ಜನೆಯ ವಿಷಯದಲ್ಲಿ ನಮ್ಮ ಪಠ್ಯಪುಸ್ತಕಗಳು ಒಂದು ಹಳೆಯ ಸೂತ್ರವನ್ನು ಇನ್ನೂ ಹೇಳಿಕೊಡುತ್ತಿವೆ. ನಾಲಿಗೆಯ ಬುಡದಲ್ಲಿ ಹಯಾಯ್ಡ್ ಎಂಬ ಮೂಳೆಯ ಜೋಡಣೆಯಿದೆ. ಸಣ್ಣ ಬೆಕ್ಕುಗಳಲ್ಲಿ ಅದು ಪೂರ್ತಿ ಮೂಳೆ, ಹುಲಿ-ಸಿಂಹಗಳಲ್ಲಿ ಅದರ ಒಂದು ಭಾಗ ಎಳೆಯಬಹುದಾದ ತಂತು. ಮೂಳೆಯಿದ್ದರೆ ಗುರ್‌ಗುರ್, ತಂತುವಿದ್ದರೆ ಘರ್ಜನೆ ಎಂದು ಸೂತ್ರ. ಕೇಳಲು ಚೊಕ್ಕವಾಗಿದೆ. ಆದರೆ ಹಿಮಚಿರತೆಯಲ್ಲೂ ಆ ತಂತುವಿದೆ, ಅದು ಘರ್ಜಿಸುವುದಿಲ್ಲ. ಗುಟ್ಟು ಇರುವುದು ಗಂಟಲಿನ ಸ್ವರಪಟಲಗಳಲ್ಲಿ ಎಂದು ಈಚಿನ ಅಧ್ಯಯನಗಳು ತೋರಿಸಿವೆ. ಹುಲಿ ಮತ್ತು ಸಿಂಹಗಳ ಸ್ವರಪಟಲಗಳು ದಪ್ಪಗಿವೆ, ಒಳಗೆ ಕೊಬ್ಬಿದೆ, ಅಂಚು ಚಪ್ಪಟೆಯಾಗಿ ಚೌಕಾಕಾರದಲ್ಲಿದೆ. ಹೀಗಾಗಿ ಹೆಚ್ಚು ಉಸಿರು ಖರ್ಚಾಗದೆಯೇ ಭಾರೀ ಸದ್ದು ಹೊರಡುತ್ತದೆ. ಹುಲಿ ಮತ್ತು ಹಿಮಚಿರತೆಗಳು ಹಂಚಿಕೊಂಡಿರುವ ಇನ್ನೊಂದು ದನಿಯಿದೆ. ಬಾಯಿ ಮುಚ್ಚಿಕೊಂಡು ಮೂಗಿನಿಂದ ಫುರ್‌ಫುರ್ ಎಂದು ಗಾಳಿ ಬಿಡುವುದು. ತಾಯಿ ಮರಿಯನ್ನು ಮಾತನಾಡಿಸುವುದು, ಪರಿಚಿತ ಹುಲಿ ಪರಿಚಿತ ಹುಲಿಯನ್ನು ಎದುರುಗೊಳ್ಳುವುದು ಹೀಗೆ. ಸಿಂಹ ಮತ್ತು ಚಿರತೆಗಳಲ್ಲಿ ಇದಿಲ್ಲ. ಮೈಸೂರಿನ ಮೃಗಾಲಯಕ್ಕೆ ಹೋದಾಗ ಹುಲಿಯ ಆವರಣದ ಬಳಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಅದೃಷ್ಟವಿದ್ದವರಿಗೆ ಕೇಳಿಸುತ್ತದೆ. ಆದರೆ ಅಲ್ಲಿ ಸುಮ್ಮನೆ ನಿಲ್ಲುವವರು ಯಾರಿದ್ದಾರೆ?

ಈಗ ನಿಮಗೆ ದಿನನಿತ್ಯ ಬೇಕಾಗುವ ವಿಷಯಕ್ಕೆ ಬರುತ್ತೇನೆ, ಹೆಜ್ಜೆ ಗುರುತು. ಮನೆಯ ಬೆಕ್ಕು ನಿದ್ದೆಯಲ್ಲಿದ್ದಾಗ ಅದರ ಮುಂಗಾಲಿನ ಒಂದು ಬೆರಳನ್ನು ಮೇಲಿನಿಂದಲೂ ಕೆಳಗಿನಿಂದಲೂ ಹಿಡಿದು ಮೆತ್ತಗೆ ಒತ್ತಿ. ಉಗುರು ಹೊರಗೆ ಬರುತ್ತದೆ, ಬಿಟ್ಟರೆ ಒಳಗೆ ಹೋಗುತ್ತದೆ. ಬೆಕ್ಕು ಉಗುರನ್ನು ಪ್ರಯತ್ನಪಟ್ಟು ಒಳಗೆ ಎಳೆದುಕೊಳ್ಳುತ್ತದೆ ಎಂದು ನಾವೆಲ್ಲ ಭಾವಿಸುತ್ತೇವೆ. ನಡೆಯುವುದು ಅದರ ತಿರುಗುಮುರುಗು. ಬೆರಳಿನ ತುದಿಮೂಳೆಯನ್ನು ಹಿಂದಕ್ಕೆ ಎತ್ತಿ ಹಿಡಿಯುವ ಎಳೆತದ ಕಟ್ಟುಗಳಿವೆ, ಅವು ಸದಾ ತಮ್ಮ ಪಾಡಿಗೆ ಕೆಲಸ ಮಾಡುತ್ತಿರುತ್ತವೆ. ಉಗುರು ಹೊರಗೆ ಬರಬೇಕಾದರೆ ಮಾತ್ರ ಸ್ನಾಯು ಬಿಗಿಯಬೇಕು. ಆದ್ದರಿಂದ ನಡೆಯುವಾಗ ಉಗುರು ನೆಲ ಮುಟ್ಟುವುದಿಲ್ಲ, ಸವೆಯುವುದೂ ಇಲ್ಲ. ಹುಲಿಯ ಕಾಲಿನ ರಚನೆ ಇದೇ, ಅಳತೆ ಮಾತ್ರ ದೊಡ್ಡದು.

ಮಳೆ ಬಂದು ಬಿಟ್ಟ ಬೆಳಿಗ್ಗೆ ತೋಟದ ರಸ್ತೆಯ ಕೆಮ್ಮಣ್ಣಿನ ಮೇಲೆ ಗುರುತು ಕಂಡರೆ ಮೊದಲು ಬೆರಳುಗಳ ತುದಿ ನೋಡಿ. ಅಲ್ಲಿ ಮೊನಚಾದ ಚುಕ್ಕೆಗಳಿದ್ದರೆ ಅದು ನಾಯಿ, ಅಥವಾ ಸೀಳುನಾಯಿ. ಚುಕ್ಕೆಗಳಿಲ್ಲದೆ ನಾಲ್ಕು ಬೆರಳು, ಅವುಗಳ ಹಿಂದೆ ಅಗಲವಾದ ಮೆತ್ತೆ, ಆ ಮೆತ್ತೆಯ ಹಿಂಬದಿಯ ಅಂಚು ಮೂರು ಏರಿಳಿತಗಳಾಗಿ ಒಡೆದಿದ್ದರೆ ಅದು ಬೆಕ್ಕಿನ ಕುಟುಂಬ. ನಾಲ್ಕು ಬೆರಳುಗಳು ಸಮವಾಗಿ ನಿಂತಿರುವುದಿಲ್ಲ, ಒಂದು ಸ್ವಲ್ಪ ಮುಂದೆ ಚಾಚಿರುತ್ತದೆ, ಅದರಿಂದ ಎಡಗಾಲೋ ಬಲಗಾಲೋ ಎಂದೂ ಹೇಳಬಹುದು. ಚಿರತೆಯ ಗುರುತು ಸಾಮಾನ್ಯವಾಗಿ ಗಂಡಸಿನ ಅಂಗೈಯೊಳಗೆ ಅಡಗುತ್ತದೆ, ಬೆಳೆದ ಹುಲಿಯದು ಅಂಗೈಯನ್ನು ತುಂಬುತ್ತದೆ. ಕಷ್ಟವಾಗುವುದು ಹುಲಿಯ ಮರಿಯಲ್ಲಿ. ಅದರ ಹೆಜ್ಜೆ ಚಿರತೆಯಷ್ಟೇ ಇರುತ್ತದೆ. ಆಗ ಹತ್ತು ಮಾರು ಆಚೀಚೆ ಹುಡುಕಿ, ತಾಯಿಯದು ಸಿಗುತ್ತದೆ. ಸಿಕ್ಕಿದರೆ ಮುಂದೆ ಹೋಗಬೇಡಿ, ಫೋಟೋ ಸಾಕು, ವಾಪಸು ಬನ್ನಿ.

ಹೆಜ್ಜೆ ನೋಡಿ 'ಇದು ಹುಲಿ' ಎನ್ನಬಹುದು, 'ಇದು ಇಂಥದೇ ಹುಲಿ' ಎನ್ನಲಾಗದು. ನಮ್ಮ ದೇಶ ಇದನ್ನು ಒಪ್ಪಿಕೊಳ್ಳಲು ಬಹಳ ವರ್ಷ ತೆಗೆದುಕೊಂಡಿತು. ಹೆಜ್ಜೆಯ ಅಚ್ಚುಗಳನ್ನು ಎಣಿಸಿ ಹುಲಿಗಣತಿ ಮಾಡುವ ಪದ್ಧತಿ 1960ರ ದಶಕದಿಂದ ನಡೆದು ಬಂತು. ಕಾಗದದ ಮೇಲೆ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಹುಲಿ ಉಳಿದಿಲ್ಲವೆಂದು 2005ರಲ್ಲಿ ಬಯಲಾದ ಮೇಲೆ ಆ ಪದ್ಧತಿಯನ್ನು ಕೈಬಿಡಲಾಯಿತು. ಅದಕ್ಕೂ ಹತ್ತು ಹದಿನೈದು ವರ್ಷ ಮೊದಲೇ, ಇಲ್ಲೇ ನಿಮ್ಮ ಪಕ್ಕದ ನಾಗರಹೊಳೆಯಲ್ಲಿ, ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಹುಲಿಗಳಿಗೆ ರೇಡಿಯೋ ಕಾಲರ್ ತೊಡಿಸಿ, ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸುವ ಕೆಲಸ ಆರಂಭಿಸಿದ್ದರು. ಆ ವಿಧಾನ ಇಂದು ಹುಲಿಯಿರುವ ದೇಶಗಳಲ್ಲೆಲ್ಲ ಬಳಕೆಯಲ್ಲಿದೆ. ಇದನ್ನು ಕೊಡಗಿನ ಶಾಲೆಗಳಲ್ಲಿ ಯಾಕೆ ಹೇಳಿಕೊಡುವುದಿಲ್ಲವೋ ನನಗೆ ತಿಳಿಯದು. ಕಾಡಿನ ದಾರಿಯಲ್ಲಿ ಕ್ಯಾಮೆರಾಗಳನ್ನು ಎದುರುಬದುರಾಗಿ ಎರಡೆರಡು ಕಟ್ಟಿರುವುದನ್ನು ನೋಡಿದ್ದೀರಲ್ಲ? ಹುಲಿಯ ಎಡಮೈಯ ಪಟ್ಟೆಗೂ ಬಲಮೈಯ ಪಟ್ಟೆಗೂ ಹೊಂದಿಕೆಯಿಲ್ಲ. ಒಂದೇ ಬದಿಯ ಚಿತ್ರವಿದ್ದರೆ ಒಂದೇ ಹುಲಿಯನ್ನು ಎರಡೆಂದು ಎಣಿಸುವ ಅಪಾಯವಿದೆ.

ಪಟ್ಟೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ, ನನಗೆ ಬಹಳ ಪ್ರಿಯವಾದ ಸಂಗತಿ. ಒಡಿಶಾದ ಸಿಮ್ಲಿಪಾಲ್‌ನಲ್ಲಿ ಪಟ್ಟೆಗಳು ಒಂದಕ್ಕೊಂದು ಕೂಡಿಕೊಂಡು ಮೈಯೆಲ್ಲ ಕಪ್ಪಾಗಿ ಕಾಣುವ ಹುಲಿಗಳಿವೆ. ಅಲ್ಲಿನ ಹುಲಿಗಳಲ್ಲಿ ಮೂರರಲ್ಲಿ ಒಂದರಷ್ಟು ಹಾಗಿವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ಇದರ ಕಾರಣ ಕಂಡುಹಿಡಿಯಿತು: ಟಕ್‌ಪೆಪ್ ಎಂಬ ಒಂದೇ ವಂಶವಾಹಿಯಲ್ಲಿ ಆದ ಬದಲಾವಣೆ. ಇದೇ ವಂಶವಾಹಿ ಬದಲಾದಾಗ ಮನೆಬೆಕ್ಕಿನ ಮೈಮೇಲಿನ ತೆಳು ಗೆರೆಗಳು ದಪ್ಪ ಸುರುಳಿಗಳಾಗುತ್ತವೆ ಎಂದು ಕೆಲವು ವರ್ಷ ಮೊದಲೇ ಗೊತ್ತಾಗಿತ್ತು. ಆಫ್ರಿಕದ ಕೆಲವು ಚೀತಾಗಳ ಚುಕ್ಕೆಗಳು ಪಟ್ಟೆಗಳಾಗಿ ಕೂಡುವುದಕ್ಕೂ ಅದೇ ಕಾರಣ. ಕೋಟಿ ವರ್ಷಗಳ ಹಿಂದೆ ಬೇರೆಯಾದ ಮನೆಗಳಲ್ಲಿ ಮೈಮೇಲೆ ಚಿತ್ತಾರ ಬರೆಯುವ ಕೈ ಇನ್ನೂ ಒಂದೇ ಆಗಿದೆ! ಇನ್ನು ಹುಲಿಯ ಕಿತ್ತಳೆ ಬಣ್ಣ ನಮ್ಮ ಕಣ್ಣಿಗೆ ಬೆಂಕಿಯಂತೆ ಹೊಡೆದು ಕಾಣುವುದು ನಿಜ. ಜಿಂಕೆ, ಕಡವೆಗಳಿಗೆ ಕೆಂಪನ್ನು ಹಸಿರಿನಿಂದ ಬೇರ್ಪಡಿಸುವ ಶಕ್ತಿ ಕಣ್ಣಿನಲ್ಲಿಲ್ಲ. ಅವುಗಳ ಪಾಲಿಗೆ ಹುಲಿ ಪೊದೆಯದೇ ಬಣ್ಣ.

ಇಷ್ಟು ಹೊತ್ತು ಬೆಕ್ಕುತನದ ಮಾತಾಯಿತು, ಇನ್ನು ಗಾತ್ರಕ್ಕೆ ಬರೋಣ. ನಮ್ಮ ರಾಜ್ಯದ ಕಾಡುಗಳಲ್ಲೇ ಒಂದೂವರೆ ಕಿಲೋ ತೂಗುವ ತುಕ್ಕುಚುಕ್ಕೆಯ ಬೆಕ್ಕೂ ಇದೆ, 200 ಕಿಲೋ ದಾಟುವ ಗಂಡುಹುಲಿಯೂ ಇದೆ. ಚಿಕ್ಕದು ಇಲಿ, ಓತಿಕ್ಯಾತಗಳಲ್ಲಿ ಹೊಟ್ಟೆ ಹೊರೆಯುತ್ತದೆ. ದೊಡ್ಡದಕ್ಕೆ ಆ ದಾರಿಯಿಲ್ಲ. ನಾಗರಹೊಳೆಯಲ್ಲಿ ಹುಲಿ, ಚಿರತೆ ಮತ್ತು ಸೀಳುನಾಯಿಗಳ ಬೇಟೆಯನ್ನು ಹೋಲಿಸಿ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಅಂಕಿಗಳಿವೆ. ಹುಲಿಯ ಮುಖ್ಯ ಬೇಟೆಯ ಸರಾಸರಿ ತೂಕ 91.5 ಕಿಲೋ, ಚಿರತೆಯದು 37.6, ಸೀಳುನಾಯಿಯದು 43.4. ಒಂದೇ ಕಾಡಿನಲ್ಲಿ ಮೂವರೂ ಬದುಕುವುದು ಹೀಗೆ ಪಾಲು ಹಂಚಿಕೊಂಡು. ಹುಲಿಗೆ ಕಾಟಿ, ಕಡವೆಗಳ ಮೇಲೆ ಕಣ್ಣು, ಚಿರತೆಗೆ ಜಿಂಕೆ ಸಾಕು. ಊರಿನ ಕಡೆಗೆ ಬಂದಾಗಲೂ ಈ ಲೆಕ್ಕ ಬದಲಾಗುವುದಿಲ್ಲ. ಚಿರತೆ ನಾಯಿ ಹೊತ್ತೊಯ್ಯುತ್ತದೆ, ಹುಲಿ ದನ ಹಿಡಿಯುತ್ತದೆ. ನಮ್ಮ ಮಲೆನಾಡು ಗಿಡ್ಡ ಹಸು ತೂಕದಲ್ಲಿ ಆ 91.5ರ ಆಸುಪಾಸಿನಲ್ಲೇ ಇದೆ, ಕಡವೆಯಂತೆ ನೆಗೆದು ಓಡುವುದಿಲ್ಲ, ಕಾಟಿಯಂತೆ ಕೊಂಬು ತಿರುಗಿಸುವುದೂ ಇಲ್ಲ. ಹುಲಿಯ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಅನುಕೂಲದ ಪ್ರಾಣಿ ಇನ್ನೊಂದಿಲ್ಲ.

ಗಾತ್ರ ದೊಡ್ಡದಾದಷ್ಟೂ ಜಾಗ ಹೆಚ್ಚು ಬೇಕು. ಸಿಂಹವನ್ನು ಬಿಟ್ಟರೆ ಈ ಕುಟುಂಬದವರು ಬಹುಪಾಲು ಒಂಟಿಗರು. ತಾಯಿ ಹುಲಿ ಸುಮಾರು ಮೂರೂವರೆ ತಿಂಗಳು ಹೊತ್ತು, ಎರಡು ಮೂರು ಮರಿ ಹಾಕಿ, ಎರಡು ವರ್ಷದ ಹತ್ತಿರ ಸಾಕಿ, ಆಮೇಲೆ ದೂರ ಮಾಡುತ್ತದೆ. ಹೆಣ್ಣುಮರಿ ಕೆಲವೊಮ್ಮೆ ತಾಯಿಯ ಪಕ್ಕದಲ್ಲೇ ನೆಲೆ ಮಾಡಿಕೊಳ್ಳುತ್ತದೆ, ಗಂಡಿಗೆ ಆ ಭಾಗ್ಯವಿಲ್ಲ. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳು, ನಾಗರಹೊಳೆಯ ಒಳಗೇ 141. ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 643 ಚದರ ಕಿಲೋಮೀಟರ್. ಒಳಗೆ ಜಾಗ ಸಿಗದ ಎಳೆಯ ಗಂಡುಗಳು, ಹೊಡೆದಾಟದಲ್ಲಿ ಸೋತ ಮುದಿಹುಲಿಗಳು ಅಂಚಿಗೆ ಬರುತ್ತವೆ. ಅಂಚಿನಲ್ಲಿ ಏನಿದೆ? ಮರಗಳ ನೆರಳಿನ ಕಾಫಿ ತೋಟ. ಆಳೆತ್ತರದ ರೊಬಸ್ಟಾ ಗಿಡಗಳು, ನಡುವೆ ತೋಡು, ಕೆರೆ, ಪಾಳುಬಿದ್ದ ಗದ್ದೆ, ಅಲ್ಲಲ್ಲಿ ದೇವರಕಾಡು. ಆನೆಗೆಂದು ತೋಡಿದ ಕಂದಕವೂ ರೈಲುಕಂಬಿಯ ಬೇಲಿಯೂ ಹುಲಿಗೆ ಲೆಕ್ಕಕ್ಕಿಲ್ಲ. ಹುಲಿ ನಾಡಿಗೆ ನುಗ್ಗಿತು ಎಂದು ಪತ್ರಿಕೆಗಳು ಬರೆಯುತ್ತವೆ. ಹುಲಿಯ ಮಟ್ಟಿಗೆ ಕಾಡು ಎಲ್ಲಿ ಮುಗಿಯಿತು ಎಂದು ಹೇಳುವ ಗುರುತೇ ಅಲ್ಲಿಲ್ಲ.

2021ರಲ್ಲೂ 2023ರಲ್ಲೂ ದಕ್ಷಿಣ ಕೊಡಗಿನಲ್ಲಿ ಹುಲಿಯಿಂದ ಜೀವಗಳು ಹೋದವು. ಹೋದವರು ತೋಟಗಳಲ್ಲಿ ದುಡಿದು ಲೈನ್ ಮನೆಗಳಲ್ಲಿ ಬದುಕುವ ಬಡ ಕುಟುಂಬಗಳವರು. ಇದನ್ನು ಹಗುರವಾಗಿ ದಾಟಿಹೋಗಲು ನನಗೆ ಮನಸ್ಸಿಲ್ಲ. ತೋಟದ ಯಜಮಾನ ಜೀಪಿನಲ್ಲಿ ಓಡಾಡುತ್ತಾನೆ, ಕಳೆ ಕೀಳುವವರು, ಉದುರಿದ ಕಾಫಿ ಹೆಕ್ಕುವವರು ಗಿಡದ ಬುಡದಲ್ಲಿ ಬಗ್ಗಿ ಕೂತಿರುತ್ತಾರೆ. ಬೆಕ್ಕಿನ ಕುಟುಂಬ ಓಡಿಸಿಕೊಂಡು ಹೋಗಿ ಬೇಟೆಯಾಡುವುದಲ್ಲ. ಮರೆಯಲ್ಲಿ ಹೊಂಚಿ, ಹತ್ತಿರ ಬಂದು, ಹಿಂದಿನಿಂದ ಎರಗುವುದು. ಬಗ್ಗಿದ ಮನುಷ್ಯ ಹಿಂದಿನಿಂದ ಮನುಷ್ಯನಂತೆ ಕಾಣುವುದಿಲ್ಲ. ಸುಂದರಬನದಲ್ಲಿ 1980ರ ದಶಕದಲ್ಲಿ ಜೇನು ತೆಗೆಯುವವರು, ಸೌದೆಗೆ ಹೋಗುವವರು ತಲೆಯ ಹಿಂಬದಿಗೆ ಮುಖವಾಡ ಕಟ್ಟಿಕೊಳ್ಳತೊಡಗಿದರು, ಕೆಲ ಕಾಲ ಅದು ಕೆಲಸವನ್ನೂ ಮಾಡಿತು. ಇಲ್ಲಿ ಮುಖವಾಡ ಹಂಚಿ ಎಂದು ನಾನು ಹೇಳುತ್ತಿಲ್ಲ. ಹುಲಿಯ ಸುಳಿವಿರುವ ವಾರದಲ್ಲಿ ಒಬ್ಬೊಬ್ಬರನ್ನೇ ಮೂಲೆಯ ಬ್ಲಾಕಿಗೆ ಕಳುಹಿಸಬೇಡಿ, ಮುಂಜಾನೆ ಮತ್ತು ಮುಸ್ಸಂಜೆಯ ಕೆಲಸ ಬಿಡಿ, ಗುಂಪಾಗಿ ಮಾತನಾಡುತ್ತ ಕೆಲಸ ಮಾಡಲಿ, ಲೈನ್ ಮನೆಯ ಸುತ್ತಲಿನ ಪೊದೆ ಸವರಿಸಿ, ಬಯಲಿಗೆ ಹೋಗದಂತೆ ಶೌಚಾಲಯ ಕಟ್ಟಿಸಿ. ಕೊನೆಯದು ಹುಲಿ ಬರಲಿ ಬಿಡಲಿ ಆಗಬೇಕಾದ ಕೆಲಸ. ಹಂದಿಗೆಂದು ಬೇಲಿಯಲ್ಲಿ ತಂತಿ ಉರುಳು ಕಟ್ಟುವುದನ್ನಂತೂ ನಿಲ್ಲಿಸಿ. ಉರುಳಿನಿಂದ ಕಾಲು ಕೊಯ್ದುಕೊಂಡು ತಪ್ಪಿಸಿಕೊಂಡ ಹುಲಿ ಕಡವೆ ಹಿಡಿಯಲಾರದು, ಆಗ ಅದಕ್ಕೆ ಸಿಗುವುದು ಯಾರು ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಇನ್ನು ಪ್ರಶ್ನೆಗಳು.

ಕಬಿನಿ ಕಡೆಯ ಕರಿಚಿರತೆ ಬೇರೆ ಜಾತಿಯೇ ಎಂದು ವಿದ್ಯಾರ್ಥಿನಿಯೊಬ್ಬರು ಕೇಳಿದರು. ಅಲ್ಲ. ಅದು ಚಿರತೆಯೇ, ತಂದೆತಾಯಿ ಇಬ್ಬರಿಂದಲೂ ಒಂದು ಬದಲಾದ ವಂಶವಾಹಿ ಬಂದರೆ ಮರಿ ಕಪ್ಪಾಗುತ್ತದೆ. ಅಮೆರಿಕದ ಕರಿ ಜಾಗ್ವಾರ್‌ನಲ್ಲಿ ಬದಲಾಗಿರುವುದು ಬೇರೊಂದು ವಂಶವಾಹಿ, ಅಲ್ಲಿ ಒಬ್ಬರಿಂದ ಬಂದರೂ ಸಾಕು.

ಬೆಕ್ಕು ಹುಲಿಗೆ ಎಲ್ಲ ವಿದ್ಯೆ ಕಲಿಸಿ ಮರ ಹತ್ತುವುದನ್ನು ಮಾತ್ರ ಕಲಿಸಲಿಲ್ಲ ಎಂಬ ಅಜ್ಜಿಕತೆ ನಿಜವೇ ಎಂದು ಹಿರಿಯರೊಬ್ಬರು ನಗುತ್ತ ಕೇಳಿದರು. ಮರಿಹುಲಿಗಳು ಚೆನ್ನಾಗಿ ಹತ್ತುತ್ತವೆ. ಮೈ ಭಾರವಾದ ಮೇಲೆ ಬಿಟ್ಟುಬಿಡುತ್ತವೆ. ಹಾಗೆಂದು ಹುಲಿ ಬಂದಾಗ ಸಣ್ಣ ಮರ ಹತ್ತಿ ನಿಶ್ಚಿಂತೆಯಿಂದ ಕೂರಬೇಡಿ.

ಕೊನೆಯ ಪ್ರಶ್ನೆ ಎಲ್ಲರ ಮನಸ್ಸಿನಲ್ಲಿದ್ದದ್ದು: ತೋಟಕ್ಕೆ ಬಂದ ಹುಲಿಯನ್ನು ಹಿಡಿದು ದೂರದ ಕಾಡಿಗೆ ಬಿಟ್ಟರೆ ಆಗದೆ? ಕಾಟ ಕೊಡುವ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ಹೊಳೆಯಾಚೆ ಬಿಟ್ಟು ಬಂದವರು ಇಲ್ಲಿ ಇರಲೇಬೇಕು. ಎಷ್ಟು ದಿನಕ್ಕೆ ವಾಪಸು ಬಂತು ಎಂದು ಅವರನ್ನೇ ಕೇಳಿ. 2009ರಲ್ಲಿ ಮಧ್ಯಪ್ರದೇಶದ ಪನ್ನಾದಲ್ಲಿ ಹುಲಿಗಳೆಲ್ಲ ಅಳಿದಿದ್ದವು. ಬೇರೆ ಕಾಡುಗಳಿಂದ ಎರಡು ಹೆಣ್ಣುಗಳನ್ನು ತಂದು, ನವೆಂಬರ್‌ನಲ್ಲಿ ಪೆಂಚ್‌ನಿಂದ ಒಂದು ಗಂಡನ್ನು ತಂದು ಬಿಟ್ಟರು. ಅದು ಕೆಲವೇ ದಿನಗಳಲ್ಲಿ ದಕ್ಷಿಣಕ್ಕೆ, ಸರಿಯಾಗಿ ಪೆಂಚ್‌ನ ದಿಕ್ಕಿಗೆ, ಹೊಲ-ಊರುಗಳನ್ನು ದಾಟಿ ನಡೆದುಬಿಟ್ಟಿತು. ಅರಣ್ಯ ಸಿಬ್ಬಂದಿ ಆನೆಗಳ ಮೇಲೆ ಅದರ ಬೆನ್ನು ಹತ್ತಿ ಡಿಸೆಂಬರ್ ಕೊನೆಯಲ್ಲಿ ಅರಿವಳಿಕೆ ಕೊಟ್ಟು ಹಿಡಿದು ತಂದರು. ಈ ಬಾರಿ ಭೋಪಾಲದ ವನವಿಹಾರದಲ್ಲಿದ್ದ ಹೆಣ್ಣುಹುಲಿಯ ಮೂತ್ರ ತರಿಸಿ ಕಾಡಿನ ದಾರಿಗಳಲ್ಲಿ ಚಿಮುಕಿಸಿದರು. ಹುಲಿಗಳು ಮರದ ಬುಡಕ್ಕೆ ಹಾಯಿಸುವ ಆ ದ್ರವದಲ್ಲಿ ಬಾಸ್ಮತಿ ಅಕ್ಕಿಯ ಪರಿಮಳಕ್ಕೆ ಕಾರಣವಾದ ರಾಸಾಯನಿಕವೇ ಇದೆ. ಅದನ್ನು ಮೂಸಿ ನೋಡಿಯೇ ಅಲ್ಲಿ ಯಾರಿದ್ದಾರೆ, ಗಂಡೋ ಹೆಣ್ಣೋ ಎಂದು ಹುಲಿಗಳು ತಿಳಿಯುವುದು. ಗಂಡು ನಿಂತಿತು. 2010ರ ಏಪ್ರಿಲ್‌ನಲ್ಲಿ ಪನ್ನಾದಲ್ಲಿ ಮರಿಗಳು ಹುಟ್ಟಿದವು.

ಆದರೆ ಪನ್ನಾ ಆಗ ಖಾಲಿ ಕಾಡು. ನಮ್ಮ ಸುತ್ತಲಿನ ಬಂಡೀಪುರ, ವಯನಾಡು, ಮುದುಮಲೈಗಳಲ್ಲಿ ಖಾಲಿ ಜಾಗವಿಲ್ಲ. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಚಿರತೆಗಳನ್ನು ಹಿಡಿದು ಬೇರೆಡೆ ಬಿಟ್ಟ ಮೇಲೆ ಜನರ ಮೇಲಿನ ದಾಳಿ ಕಡಿಮೆಯಾಗುವ ಬದಲು ಹೆಚ್ಚಿದ್ದನ್ನು ವಿದ್ಯಾ ಆತ್ರೇಯ ಮತ್ತು ಸಂಗಡಿಗರು ದಾಖಲಿಸಿದ್ದಾರೆ. ಇಲ್ಲಿ ಸೆರೆ ಸಿಕ್ಕ ಹುಲಿಯನ್ನು ಇನ್ನೊಂದು ಕಾಡಿಗೆ ಬಿಡುವ ಬದಲು ಹೆಚ್ಚಾಗಿ ಮೈಸೂರು ಬಳಿಯ ಕೂರ್ಗಳ್ಳಿಯ ಪುನರ್ವಸತಿ ಕೇಂದ್ರಕ್ಕೆ ಒಯ್ಯುವುದು ಇದೇ ಕಾರಣಕ್ಕೆ.